ನಕ್ಷೆಯನ್ನು ತಿರುಗಿಸಿ ಇಟ್ಟ ಪತ್ರಿಕೆ

ದಕ್ಷಿಣ ಏಷ್ಯಾದ ಒಂದು ನಕ್ಷೆಯಿದೆ. ಅದರಲ್ಲಿ ಶ್ರೀಲಂಕಾ ಎಲ್ಲಕ್ಕಿಂತ ಮೇಲೆ, ನೆತ್ತಿಯ ಮೇಲಿಟ್ಟ ಹೂವಿನಂತೆ ಕಾಣುತ್ತದೆ. ಅದರ ಕೆಳಗೆ ಕನ್ಯಾಕುಮಾರಿ. ಮಂಗಳೂರು ಬಲಗಡೆಗೆ, ಚೆನ್ನೈ ಎಡಗಡೆಗೆ. ದಿಲ್ಲಿ ಎಲ್ಲೋ ಕೆಳಗೆ; ಅದಕ್ಕೂ ಕೆಳಗೆ, ಪಾದದ ಬಳಿ, ಹಿಮಾಲಯದ ಸಾಲು. ಮೊದಲ ಸಲ ನೋಡುವವರು ಇದನ್ನು ಮುದ್ರಣದೋಷ ಎಂದುಕೊಂಡು ಹಾಳೆಯನ್ನು ತಿರುಗಿಸಿ ಹಿಡಿಯುತ್ತಾರೆ. ಆಗ ಅಕ್ಷರಗಳು ತಲೆಕೆಳಗಾಗುತ್ತವೆ! ಅಕ್ಷರ ನೆಟ್ಟಗಿರಬೇಕೆಂದರೆ ನಕ್ಷೆಯನ್ನು ಹಾಗೆಯೇ ಒಪ್ಪಿಕೊಳ್ಳಬೇಕು.

ಈ ನಕ್ಷೆಯನ್ನು ಪ್ರಚಾರಕ್ಕೆ ತಂದದ್ದು ಕಠ್ಮಂಡುವಿನಲ್ಲಿ ಬೆಳೆದ ‘ಹಿಮಾಲ್ ಸೌತ್‌ಏಷ್ಯನ್’ ಎಂಬ ಇಂಗ್ಲಿಷ್ ಪತ್ರಿಕೆ. ಹಾಗೆ ನೋಡಿದರೆ ಉತ್ತರ ದಿಕ್ಕು ಮೇಲಿರಬೇಕು ಎಂಬುದು ಪ್ರಕೃತಿಯ ನಿಯಮವಲ್ಲ, ನಕ್ಷೆ ಬರೆಯುವವರ ರೂಢಿ ಅಷ್ಟೇ. ಅರಬ್ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಸಿದ್ಧಪಡಿಸಿದ ಪ್ರಪಂಚದ ನಕ್ಷೆಯಲ್ಲಿ ದಕ್ಷಿಣವೇ ಮೇಲಿತ್ತು. ಆದರೆ ರೂಢಿ ಬಲವಾದಷ್ಟೂ ಅದು ನೋಟವನ್ನು ಕಟ್ಟಿಹಾಕುತ್ತದೆ. ಉಪಖಂಡದ ನಕ್ಷೆ ಕಂಡ ಕೂಡಲೇ ಕಣ್ಣು ನಡುವಿನ ದೊಡ್ಡ ದೇಶದ ಮೇಲೆ, ಅದರ ರಾಜಧಾನಿಯ ಮೇಲೆ ನಿಲ್ಲುತ್ತದೆ. ಉಳಿದವು ಅಂಚಿನ ಅಲಂಕಾರಗಳಾಗುತ್ತವೆ. ಪರಿಚಿತ ಆಕಾರವನ್ನು ಒಮ್ಮೆ ತಿರುಗಿಸಿಟ್ಟರೆ ಅಂಚು ಯಾವುದು, ನಡು ಯಾವುದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಈ ಪತ್ರಿಕೆ ಕೇಳುತ್ತ ಬಂದಿರುವುದು ಅದೇ ಪ್ರಶ್ನೆಯನ್ನು. ಕೇಳಿದ್ದಕ್ಕೆ ಅದು ತೆತ್ತ ಬೆಲೆಯೂ ಸಣ್ಣದಲ್ಲ.

ಒಂದೇ ವರ್ಷದ ಎರಡು ಕೂಸುಗಳು

1986ರ ನವೆಂಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ರಾಷ್ಟ್ರಗಳ ಎರಡನೆಯ ಶೃಂಗಸಭೆ ನಡೆಯಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ, ಭೂತಾನ ಮತ್ತು ಮಾಲ್ದೀವ್ಸ್ ಸೇರಿ ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ ಢಾಕಾದಲ್ಲಿ ಕಟ್ಟಿಕೊಂಡಿದ್ದ ಸಂಘಟನೆ ಅದು. ಸಂಘಟನೆಗೆ ಒಂದು ಕಾಯಂ ಕಚೇರಿ ಬೇಕು ಎಂಬ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಂಗಳೂರಿನಲ್ಲೇ. ಅದರಂತೆ 1987ರ ಜನವರಿಯಲ್ಲಿ ಕಠ್ಮಂಡುವಿನಲ್ಲಿ ಸಾರ್ಕ್ ಸಚಿವಾಲಯ ಬಾಗಿಲು ತೆರೆಯಿತು.

ಅದೇ 1987ರಲ್ಲಿ ‘ಹಿಮಾಲ್’ ಪತ್ರಿಕೆಯ ಮೊದಲ ಮಾದರಿ ಸಂಚಿಕೆ ಹೊರಬಂತು. ಅದನ್ನು ಆರಂಭಿಸಿದವರು ಕನಕ್ ಮಣಿ ದೀಕ್ಷಿತ್. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿ, ಅಲ್ಲಿಯೇ ವಿಶ್ವಸಂಸ್ಥೆಯಲ್ಲಿ ನೌಕರಿಯಲ್ಲಿದ್ದ ನೇಪಾಳಿ ತರುಣ. ನೇಪಾಳಿಯಲ್ಲಿ ಹಿಮಾಲ್ ಎಂದರೆ ಹಿಮ ಹೊದ್ದ ಪರ್ವತ. ಹೆಸರಿಗೆ ತಕ್ಕಂತೆ ಆರಂಭದಲ್ಲಿ ಅದು ಹಿಮಾಲಯದ ಪತ್ರಿಕೆ. ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ನೇಪಾಳದಲ್ಲಿ ಆಗ ರಾಜನ ಹಿಡಿತದ ಪಂಚಾಯತ್ ಆಡಳಿತ. ರಾಜಕೀಯ ಪಕ್ಷಗಳಿಗೆ ನಿಷೇಧವಿತ್ತು. 1990ರ ಜನಾಂದೋಲನ ಆ ವ್ಯವಸ್ಥೆಯನ್ನು ಕೊನೆಗಾಣಿಸಿತು.

ಹೀಗೆ ಒಂದೇ ಊರಿನಲ್ಲಿ, ಒಂದೇ ಕಾಲಕ್ಕೆ ಎರಡು ಕೂಸುಗಳು ಬೆಳೆಯತೊಡಗಿದವು. ಒಂದಕ್ಕೆ ಏಳು ಸರ್ಕಾರಗಳ ಬೆಂಬಲ, ಬಾವುಟ, ಬೊಕ್ಕಸ. ಇನ್ನೊಂದಕ್ಕೆ ಕೆಲವೇ ಮಂದಿ ಬರಹಗಾರರು, ಬೆರಳಚ್ಚು ಯಂತ್ರ, ಅಂಚೆ ಚೀಟಿ. ಆದರೆ ಸರ್ಕಾರಿ ಕೂಸಿಗೆ ಹುಟ್ಟುವಾಗಲೇ ಬಾಯಿ ಕಟ್ಟಲಾಗಿತ್ತು. ಎಲ್ಲ ತೀರ್ಮಾನಗಳೂ ಸರ್ವಾನುಮತದಿಂದಲೇ ಆಗಬೇಕು. ಎರಡು ದೇಶಗಳ ನಡುವಿನ ತಕರಾರು, ವಿವಾದದ ವಿಷಯಗಳನ್ನು ಚರ್ಚೆಗೆ ತರಕೂಡದು ಎಂದು ಸಾರ್ಕ್ ಸನ್ನದಿನ ಹತ್ತನೆಯ ವಿಧಿ ಹೇಳುತ್ತದೆ. ನದಿ, ಗಡಿ, ನಿರಾಶ್ರಿತರು, ಸೆರೆಯಾದ ಮೀನುಗಾರರು, ಇವೆಲ್ಲ ತಕರಾರಿನ ವಿಷಯಗಳೇ. ಅಂದರೆ ನೆರೆಹೊರೆಯವರು ನಿಜವಾಗಿ ಮಾತಾಡಿಕೊಳ್ಳಬೇಕಾದದ್ದನ್ನು ಬಿಟ್ಟು ಉಳಿದೆಲ್ಲವನ್ನೂ ಮಾತಾಡುವ ಕೂಟ ಅದು. ಬಿಟ್ಟದ್ದನ್ನು ಬರೆಯುವ ಕೆಲಸ ಪತ್ರಿಕೆಯ ಪಾಲಿಗೆ ಬಂತು.

ಗಡಿಯೇ ಇಲ್ಲದ ಗಡಿ ತಂಟೆ

ಬೆಟ್ಟದ ಮೇಲಿನಿಂದ ನೋಡಿದಾಗ ಏನು ಕಾಣುತ್ತದೆ ಎಂಬುದಕ್ಕೆ ಭೂತಾನದ ನಿರಾಶ್ರಿತರ ಕಥೆ ಒಳ್ಳೆಯ ಉದಾಹರಣೆ. ದಕ್ಷಿಣ ಭೂತಾನದಲ್ಲಿ ನೆಲೆಸಿದ್ದ ನೇಪಾಳಿ ಭಾಷಿಕರನ್ನು ಲ್ಹೋತ್ಶಂಪಾ ಎನ್ನುತ್ತಾರೆ, ಹಾಗೆಂದರೆ ದಕ್ಷಿಣದವರು. 1985ರ ಪೌರತ್ವ ಕಾನೂನು, 1988ರ ಜನಗಣತಿ, ಎಲ್ಲರೂ ಒಂದೇ ಬಗೆಯ ಉಡುಪು ತೊಡಬೇಕೆಂಬ ಆಜ್ಞೆ, ಹೀಗೆ ಒಂದರ ಮೇಲೊಂದು ಕ್ರಮಗಳು ಬಂದವು. 1990ರಲ್ಲಿ ಪ್ರತಿಭಟನೆಗಳು ನಡೆದವು. ನಂತರದ ಕೆಲವೇ ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಜನ ಮನೆಮಠ ಕಳೆದುಕೊಂಡು ಪೂರ್ವ ನೇಪಾಳದ ಝಾಪಾ ಮತ್ತು ಮೊರಂಗ್ ಜಿಲ್ಲೆಗಳ ಶಿಬಿರಗಳನ್ನು ಸೇರಿದರು.

ಸ್ವಾರಸ್ಯವೆಂದರೆ, ಭೂತಾನಕ್ಕೂ ನೇಪಾಳಕ್ಕೂ ನಡುವೆ ಗಡಿಯೇ ಇಲ್ಲ. ನಡುವೆ ಇರುವುದು ಭಾರತ. ಆ ಜನ ನಡೆದು, ಲಾರಿ ಹತ್ತಿ ಹೋದದ್ದು ಭಾರತದ ನೆಲದ ಮೇಲೆಯೇ. ಆದರೂ ದಿಲ್ಲಿಗೆ ಅದು ಭೂತಾನ–ನೇಪಾಳಗಳ ನಡುವಿನ ವಿಚಾರ. ಥಿಂಪುವಿಗೆ ಅವರು ಅಕ್ರಮ ವಲಸಿಗರು. ಕಠ್ಮಂಡುವಿಗೆ ಅದು ಹೊರೆ. ಮೂರು ರಾಜಧಾನಿಗಳ ಮೂರು ಸುದ್ದಿಗಳನ್ನು ಒಟ್ಟಿಗಿಟ್ಟು ಓದದ ಹೊರತು ಆ ಜನಕ್ಕೆ ಏನಾಯಿತು ಎಂಬುದು ಅರ್ಥವಾಗುವಂತಿರಲಿಲ್ಲ. 1990ರ ದಶಕದ ಆರಂಭದಲ್ಲೇ ‘ಹಿಮಾಲ್’ ಇದನ್ನು ವಿಸ್ತಾರವಾಗಿ ಬರೆಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ಬೇರೆ ದೇಶಗಳಲ್ಲಿ ನೆಲೆ ಸಿಕ್ಕಿತು. ಬಹುಪಾಲು ಜನ ಅಮೆರಿಕಕ್ಕೆ ಹೋದರು. 2025ರ ಮಾರ್ಚ್‌ನಲ್ಲಿ ಅಮೆರಿಕ ಅವರಲ್ಲಿ ಕೆಲವರನ್ನು ಭೂತಾನಕ್ಕೆ ಗಡೀಪಾರು ಮಾಡಿತು. ಭೂತಾನ ಅವರನ್ನು ಇಟ್ಟುಕೊಳ್ಳದೆ ಭಾರತದ ಗಡಿಗೆ ತಂದುಬಿಟ್ಟಿತು. ಕೆಲವರು ಮತ್ತೆ ನೇಪಾಳಕ್ಕೆ ಬಂದು ಅಲ್ಲಿ ಪೊಲೀಸರ ಕೈಗೆ ಸಿಕ್ಕರು. ಮೂವತ್ತು ವರ್ಷಗಳ ಹಿಂದಿನ ದಾರಿಯನ್ನೇ ಮತ್ತೊಮ್ಮೆ ತುಳಿದಂತಾಯಿತು. ಇಂಥ ಸುದ್ದಿ ಯಾವ ದೇಶದ ಪತ್ರಿಕೆಯ ಮುಖಪುಟಕ್ಕೆ ಸೇರಬೇಕು? ಎಲ್ಲರದೂ ಹೌದು, ಆದ್ದರಿಂದಲೇ ಯಾರದೂ ಅಲ್ಲ.

ಎರಡು ಪದ ಒಂದಾದ ಬಗೆ

1996ರಲ್ಲಿ ಪತ್ರಿಕೆ ತನ್ನ ಹರವನ್ನು ಹಿಮಾಲಯದಿಂದ ಇಡೀ ದಕ್ಷಿಣ ಏಷ್ಯಾಕ್ಕೆ ಹಿಗ್ಗಿಸಿಕೊಂಡಿತು, ಮಾಸಿಕವಾಯಿತು. ಅದು ಕೈಗೊಂಡ ಒಂದು ಸಣ್ಣ ನಿರ್ಧಾರ ಗಮನಾರ್ಹ. ಇಂಗ್ಲಿಷಿನಲ್ಲಿ ಎರಡು ಪದಗಳಾಗಿ ಬರೆಯುವ ‘ಸೌತ್ ಏಷ್ಯಾ’ವನ್ನು ಕೂಡಿಸಿ ಒಂದೇ ಪದವಾಗಿ ‘ಸೌತ್‌ಏಷ್ಯಾ’ ಎಂದು ಬರೆಯುವುದು ಪತ್ರಿಕೆಯ ಪದ್ಧತಿಯಾಯಿತು.

ಇದು ಕೇವಲ ಕಾಗುಣಿತದ ಚಮತ್ಕಾರವೆ? ಅಲ್ಲ. ದಕ್ಷಿಣ ಏಷ್ಯಾ ಎಂಬ ಮಾತು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ, ಮುಖ್ಯವಾಗಿ ಅಮೆರಿಕದ ವಿಶ್ವವಿದ್ಯಾಲಯಗಳೂ ಸರ್ಕಾರಿ ಇಲಾಖೆಗಳೂ ಜಗತ್ತನ್ನು ಅಧ್ಯಯನಕ್ಕಾಗಿ ವಲಯಗಳಾಗಿ ಹಂಚಿಕೊಂಡಾಗ. ಏಷ್ಯಾದ ದಕ್ಷಿಣ ದಿಕ್ಕು ಎಂಬುದಷ್ಟೇ ಅದರ ಅರ್ಥ. ಅಲ್ಲಿ ಬದುಕುವವರಿಗೆ ಅದು ಊರಿನ ಹೆಸರಿನಂತೆ ಕೇಳಿಸುವುದಿಲ್ಲ. ಪದ ಒಂದಾದರೆ ಅದು ದಿಕ್ಕಿನ ಸೂಚನೆಯಾಗಿ ಉಳಿಯದೆ ಒಂದು ನೆಲೆಯ ಹೆಸರಾಗುತ್ತದೆ ಎಂಬುದು ಪತ್ರಿಕೆಯ ಆಶಯ. ಈಗಿರುವ ದೇಶಗಳನ್ನು ಅಳಿಸಿ ಒಂದು ಮಾಡಬೇಕೆಂಬ ಹಂಬಲ ಅದರಲ್ಲಿಲ್ಲ. ದೇಶಗಳು ಇದ್ದಂತೆಯೇ ಇದ್ದು, ಜನ ಹಿಂದಿನಿಂದ ಹಂಚಿಕೊಂಡು ಬಂದ ಬದುಕನ್ನು ಮರೆಯದಿರಲಿ ಎಂಬಷ್ಟೇ ಅದರ ಬಯಕೆ.

ಈ ಬಯಕೆಗೆ ಎದುರಾಗಿ ನಿಂತದ್ದು ನಿತ್ಯದ ವಾಸ್ತವ. ಜಗತ್ತಿನ ಕಾಲು ಭಾಗದಷ್ಟು ಜನ ಇರುವ ಈ ಪ್ರದೇಶದ ದೇಶಗಳು ತಮ್ಮತಮ್ಮಲ್ಲೇ ನಡೆಸುವ ವ್ಯಾಪಾರ ಅವುಗಳ ಒಟ್ಟು ವಿದೇಶ ವ್ಯಾಪಾರದ ಶೇ. 5ರ ಆಸುಪಾಸಿನಲ್ಲಿದೆ ಎಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿದೆ. ಆಗ್ನೇಯ ಏಷ್ಯಾದಲ್ಲಿ ಈ ಪ್ರಮಾಣ ಶೇ. 25ರಷ್ಟು. ಸರಕಿನ ಕಥೆ ಹೀಗಾದರೆ ಸುದ್ದಿಯ ಕಥೆ ಇನ್ನೂ ಕಷ್ಟ. ಭಾರತ ಮತ್ತು ಪಾಕಿಸ್ತಾನ ಹಲವು ವರ್ಷ ಪರಸ್ಪರ ಇಬ್ಬಿಬ್ಬರು ವರದಿಗಾರರನ್ನು ಮಾತ್ರ ಇಟ್ಟುಕೊಳ್ಳುವ ಪದ್ಧತಿ ಇತ್ತು. 2014ರ ಮೇ ತಿಂಗಳಲ್ಲಿ ಇಸ್ಲಾಮಾಬಾದಿನಲ್ಲಿದ್ದ ಇಬ್ಬರು ಭಾರತೀಯ ವರದಿಗಾರರನ್ನೂ ಪಾಕಿಸ್ತಾನ ದೇಶ ಬಿಡಲು ಹೇಳಿತು. ಪತ್ರಕರ್ತರೂ ಸೇರಿದಂತೆ 24 ವರ್ಗಗಳ ಜನರಿಗೆ ವೀಸಾ ಇಲ್ಲದೆ ಓಡಾಡಲು ಅವಕಾಶ ಕೊಡುವ ಸಾರ್ಕ್ ಯೋಜನೆಯೊಂದು 1992ರಲ್ಲಿ ಜಾರಿಗೆ ಬಂದಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯಾಕಾಂಡದ ನಂತರ ಭಾರತ ಅದನ್ನು ಪಾಕಿಸ್ತಾನಿ ಪ್ರಜೆಗಳ ಮಟ್ಟಿಗೆ ರದ್ದು ಮಾಡಿತು. ಹೀಗಿರುವಾಗ ಲಾಹೋರಿನ ಸುದ್ದಿ ದಿಲ್ಲಿಗೂ, ದಿಲ್ಲಿಯ ಸುದ್ದಿ ಲಾಹೋರಿಗೂ ಬಹುತೇಕ ಲಂಡನ್ನಿನ ಸುದ್ದಿಸಂಸ್ಥೆಗಳ ಮೂಲಕ ಬರುವುದರಲ್ಲಿ ಆಶ್ಚರ್ಯವೇನು? ಪಕ್ಕದ ಮನೆಯ ಸಮಾಚಾರ ಊರಾಚೆಯವರ ಬಾಯಿಂದ ಕೇಳಿದ ಹಾಗೆ.

ಒಂದು ಕಡಲು, ಎರಡು ಸುದ್ದಿ

ಪ್ರಾದೇಶಿಕ ಪತ್ರಿಕೆಯೊಂದು ಮಾಡಬಹುದಾದ ಕೆಲಸ ಏನು ಎಂಬುದನ್ನು ಪಾಕ್ ಜಲಸಂಧಿಯ ಉದಾಹರಣೆಯಿಂದ ತಿಳಿಯಬಹುದು. ಧನುಷ್ಕೋಡಿಯಿಂದ ತಲೈಮನ್ನಾರ್‌ಗೆ ಇರುವುದು ಸುಮಾರು 30 ಕಿಲೋಮೀಟರ್ ನೀರು. ಶ್ರೀಲಂಕಾದ ನೌಕಾಪಡೆ ತಮಿಳುನಾಡಿನ ಮೀನುಗಾರರನ್ನು ಹಿಡಿದೊಯ್ದ ಸುದ್ದಿ ಕನ್ನಡ ಪತ್ರಿಕೆಗಳಲ್ಲೂ ಆಗಾಗ ಬರುತ್ತದೆ. ಅದನ್ನು ಓದಿದವರಿಗೆ ಕಾಣುವುದು ಬಡ ಮೀನುಗಾರ ಒಂದು ಕಡೆ, ಬಂದೂಕು ಹಿಡಿದ ನೌಕಾಪಡೆ ಇನ್ನೊಂದು ಕಡೆ.

ಜಾಫ್ನಾದ ದಡದಲ್ಲಿ ನಿಂತವರಿಗೆ ಕಾಣುವ ದೃಶ್ಯ ಬೇರೆ. ಅಲ್ಲಿನ ಮೀನುಗಾರರೂ ತಮಿಳರೇ, ಬಡವರೇ. 2009ರಲ್ಲಿ ಮುಗಿದ ಯುದ್ಧದ ಕಾಲದಲ್ಲಿ ವರ್ಷಗಟ್ಟಲೆ ಅವರು ಕಡಲಿಗಿಳಿಯುವುದೇ ಕಷ್ಟವಾಗಿತ್ತು. ಯುದ್ಧ ಮುಗಿದು ಸಣ್ಣ ದೋಣಿ, ಬಲೆ ಹೊಂದಿಸಿಕೊಂಡು ಹೊರಟರೆ, ಆಚೆ ದಡದ ಯಾಂತ್ರಿಕ ಟ್ರಾಲರ್‌ಗಳು ಕಡಲಿನ ತಳವನ್ನೇ ಗುಡಿಸಿಕೊಂಡು ಹೋಗುತ್ತಿದ್ದವು. ಜತೆಗೆ ಇವರ ಬಲೆಗಳನ್ನೂ ಹರಿದು ಹಾಕುತ್ತಿದ್ದವು. ಶ್ರೀಲಂಕಾ 2017ರಲ್ಲಿ ಇಂಥ ತಳ ಗುಡಿಸುವ ಮೀನುಗಾರಿಕೆಯನ್ನು ಕಾನೂನಿನಿಂದ ನಿಷೇಧಿಸಿತು. ಚೆನ್ನೈಯ ಸುದ್ದಿ ಸುಳ್ಳಲ್ಲ, ಜಾಫ್ನಾದ ಸುದ್ದಿಯೂ ಸುಳ್ಳಲ್ಲ. ಒಂದನ್ನೇ ಓದಿದವರಿಗೆ ಕೋಪ ಬರುತ್ತದೆ. ಎರಡನ್ನೂ ಓದಿದವರಿಗೆ ಸಮಸ್ಯೆ ಅರ್ಥವಾಗುತ್ತದೆ.

ನದಿಗಳ ವಿಷಯವೂ ಹಾಗೆಯೇ. 2008ರ ಆಗಸ್ಟ್‌ನಲ್ಲಿ ಕೋಸಿ ನದಿಯ ಏರಿ ಒಡೆದು ಬಿಹಾರ ಮುಳುಗಿತು. ಒಡೆದದ್ದು ನೇಪಾಳದ ಕುಸಹಾದಲ್ಲಿ. ಆದರೆ ಅಲ್ಲಿನ ಬ್ಯಾರೇಜು, ಏರಿಗಳ ಉಸ್ತುವಾರಿ 1954ರ ಒಪ್ಪಂದದ ಪ್ರಕಾರ ಭಾರತದ್ದು. ನೇಪಾಳ ನೀರು ಬಿಟ್ಟಿತು ಎಂದು ಇಲ್ಲಿ ಸಿಟ್ಟು. ಭಾರತ ಏರಿಯನ್ನು ನೋಡಿಕೊಳ್ಳಲಿಲ್ಲ ಎಂದು ಅಲ್ಲಿ ಸಿಟ್ಟು. ನಡುವೆ ಎರಡೂ ಕಡೆ ಮನೆ ಕಳೆದುಕೊಂಡವರು.

ಈಚಿನ ವರ್ಷಗಳಲ್ಲಿ ಇದೇ ನೋಟ ರಾಜಕೀಯಕ್ಕೂ ಬೇಕಾಗಿದೆ. 2022ರ ಜುಲೈನಲ್ಲಿ ಶ್ರೀಲಂಕಾದ ಅಧ್ಯಕ್ಷ ಗೋಟಬಯ ರಾಜಪಕ್ಸ ಜನರ ಸಿಟ್ಟಿಗೆ ಹೆದರಿ ದೇಶ ಬಿಟ್ಟರು. 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ವಿಮಾನವೇರಿ ಭಾರತಕ್ಕೆ ಬಂದರು. 2025ರ ಸೆಪ್ಟೆಂಬರ್ 9ರಂದು ನೇಪಾಳದ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ನಾಲ್ಕು ವರ್ಷಗಳೊಳಗೆ ಮೂರು ರಾಜಧಾನಿಗಳಲ್ಲಿ ತರುಣರು ಬೀದಿಗಿಳಿದು ಆಳುವವರನ್ನು ಇಳಿಸಿದರು. ಕೊಲಂಬೊದಲ್ಲಿ ಇಂಧನ, ಔಷಧಗಳ ಬರ. ಢಾಕಾದಲ್ಲಿ ಸರ್ಕಾರಿ ನೌಕರಿಯ ಮೀಸಲಾತಿ. ಕಠ್ಮಂಡುವಿನಲ್ಲಿ 26 ಸಾಮಾಜಿಕ ಮಾಧ್ಯಮಗಳ ನಿಷೇಧ. ಕಿಡಿ ಬೇರೆ ಬೇರೆ. ಆದರೆ ಕೆಲಸವಿಲ್ಲದ ವಿದ್ಯಾವಂತರು, ಕೆಲವೇ ಕುಟುಂಬಗಳ ಹಿಡಿತಕ್ಕೆ ಸಿಕ್ಕ ಅಧಿಕಾರ, ಲಂಚದ ಬಗೆಗಿನ ಹೇಸಿಗೆ, ಈ ಒಣಹುಲ್ಲು ಮೂರೂ ಕಡೆ ಇತ್ತು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದಿದ್ದರೆ ಪ್ರತಿಯೊಂದೂ ಯಾವುದೋ ಹೊರಗಿನ ಕೈಯ ಕುತಂತ್ರದಂತೆಯೇ ಕಾಣುತ್ತದೆ.

ನಿಷೇಧವಿಲ್ಲದೆ ನಿಂತ ಪತ್ರಿಕೆ

ಇಷ್ಟೆಲ್ಲ ಮಾಡುವ ಪತ್ರಿಕೆಗೆ ಹಣ ಎಲ್ಲಿಂದ ಬರಬೇಕು? ಅಂಗಡಿಯವರು ತಮ್ಮ ಊರಿನ ಪತ್ರಿಕೆಗೆ ಜಾಹೀರಾತು ಕೊಡುತ್ತಾರೆ, ಕಂಪನಿಗಳು ತಮ್ಮ ದೇಶದ ಪತ್ರಿಕೆಗೆ ಕೊಡುತ್ತವೆ. ಏಳೆಂಟು ದೇಶಗಳಲ್ಲಿ ಚೆದುರಿ ಕುಳಿತ ಓದುಗರಿಗಾಗಿ ಜಾಹೀರಾತು ಕೊಡುವವರು ವಿರಳ. ಕಠ್ಮಂಡುವಿನಲ್ಲಿ ಅಚ್ಚಾದ ಸಂಚಿಕೆ ಕರಾಚಿಗೂ ಕೊಚ್ಚಿಗೂ ತಲುಪಬೇಕಾದರೆ ಅಂಚೆ, ವಿಮಾನ, ಸುಂಕದ ಕಟ್ಟೆಗಳನ್ನೆಲ್ಲ ದಾಟಬೇಕು. ಹೀಗಾಗಿ ಪತ್ರಿಕೆ ಲಾಭಕ್ಕಾಗಿ ಅಲ್ಲದ ಟ್ರಸ್ಟ್ ಒಂದರ ಆಶ್ರಯದಲ್ಲಿ, ದೇಣಿಗೆ ಮತ್ತು ಅನುದಾನಗಳನ್ನು ನೆಚ್ಚಿಕೊಂಡು ನಡೆಯಿತು. 2013ರಲ್ಲಿ ಮಾಸಿಕವಾಗಿದ್ದದ್ದು ತ್ರೈಮಾಸಿಕವಾಯಿತು.

ನೇಪಾಳ ಆ ಅವಧಿಯಲ್ಲಿ ಕಂಡ ಏರುಪೇರುಗಳೇನೂ ಸಣ್ಣವಲ್ಲ. 1996ರಿಂದ 2006ರವರೆಗೆ ಮಾವೋವಾದಿ ಯುದ್ಧ. 2005ರ ಫೆಬ್ರವರಿಯಲ್ಲಿ ರಾಜ ಜ್ಞಾನೇಂದ್ರ ಅಧಿಕಾರವನ್ನು ತಾನೇ ಕೈಗೆತ್ತಿಕೊಂಡಾಗ ಪತ್ರಿಕಾ ಕಚೇರಿಗಳಿಗೆ ಸೈನಿಕರೇ ಬಂದು ಕುಳಿತಿದ್ದರು. ಅದನ್ನೆಲ್ಲ ದಾಟಿದ ಪತ್ರಿಕೆ ನಿಂತುಹೋದದ್ದು ರಾಜನೂ ಇಲ್ಲದ, ಯುದ್ಧವೂ ಇಲ್ಲದ, ಹೊಸ ಸಂವಿಧಾನ ಬಂದ ಮರುವರ್ಷ!

2016ರ ಆಗಸ್ಟ್‌ನಲ್ಲಿ ಪತ್ರಿಕೆ ಒಂದು ಪ್ರಕಟಣೆ ಹೊರಡಿಸಿತು. ನವೆಂಬರ್‌ನಿಂದ ಪ್ರಕಟಣೆ ನಿಲ್ಲುತ್ತದೆ. ಕಾರಣ, ಸರ್ಕಾರಿ ಕಚೇರಿಗಳ ಅಸಹಕಾರ. ಬಂದ ಅನುದಾನಕ್ಕೆ ಸಿಗಬೇಕಾದ ಒಪ್ಪಿಗೆ ಸಿಗುತ್ತಿರಲಿಲ್ಲ. ಸಂಪಾದಕ ವರ್ಗದಲ್ಲಿದ್ದ ಹೊರದೇಶದವರಿಗೆ ಕೆಲಸದ ಪರವಾನಗಿ ಪಡೆಯಲು ಇಲ್ಲದ ಅಡ್ಡಿಗಳು ಎದುರಾಗುತ್ತಿದ್ದವು. ಬೇರೆ ದೇಶಗಳ ಲೇಖಕರಿಗೆ ಸಂಭಾವನೆ ಕಳಿಸುವ ಕಾಗದಪತ್ರ ವಿನಾಕಾರಣ ತಡವಾಗುತ್ತಿತ್ತು. ಯಾರೂ ಪತ್ರಿಕೆಯನ್ನು ನಿಷೇಧಿಸಲಿಲ್ಲ. ಯಾವ ಲೇಖನದ ಮೇಲೂ ಆಕ್ಷೇಪದ ಪತ್ರ ಬರಲಿಲ್ಲ. ಕಡತ ಮುಂದೆ ಹೋಗಲಿಲ್ಲ, ಅಷ್ಟೇ. ಸರ್ಕಾರಿ ಕಚೇರಿಗೆ ಅಲೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಇಲ್ಲ’ ಎಂದರೆ ನ್ಯಾಯಾಲಯಕ್ಕೆ ಹೋಗಬಹುದು, ‘ನಾಳೆ ಬನ್ನಿ’ ಎಂದರೆ ಎಲ್ಲಿಗೆ ಹೋಗುವುದು?

ಅದೇ ವರ್ಷದ ಏಪ್ರಿಲ್‌ನಲ್ಲಿ, ಸ್ಥಾಪಕ ದೀಕ್ಷಿತ್ ಅವರನ್ನು ಅಕ್ರಮ ಆಸ್ತಿಯ ಆರೋಪದ ಮೇಲೆ ನೇಪಾಳದ ಭ್ರಷ್ಟಾಚಾರ ವಿರೋಧಿ ಆಯೋಗ ಬಂಧಿಸಿತ್ತು. ಆ ಆಯೋಗದ ಮುಖ್ಯಸ್ಥ ಲೋಕಮಾನ್ ಸಿಂಗ್ ಕಾರ್ಕಿ ಅವರ ನೇಮಕವನ್ನು ದೀಕ್ಷಿತ್ ಮೊದಲಿನಿಂದಲೂ ಬಹಿರಂಗವಾಗಿ ವಿರೋಧಿಸಿದ್ದರು. ಮೇ ಆರಂಭದಲ್ಲಿ ಸುಪ್ರೀಂ ಕೋರ್ಟ್ ಅವರ ಬಿಡುಗಡೆಗೆ ಆದೇಶಿಸಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯ, ಕಾರ್ಕಿ ಆ ಹುದ್ದೆಗೆ ಅರ್ಹರೇ ಅಲ್ಲವೆಂದು ಅವರ ನೇಮಕವನ್ನು ರದ್ದುಪಡಿಸಿತು. ಆದರೆ ಅಷ್ಟರಲ್ಲಿ ಪತ್ರಿಕೆ ನಿಂತಾಗಿತ್ತು. ಕಠ್ಮಂಡುವಿನಲ್ಲಿ ಅದರ 29 ವರ್ಷಗಳ ಬಾಳು ಮುಗಿದಿತ್ತು.

ಕಾಗದ ಬಿಟ್ಟು ಕಡಲು ದಾಟಿ

2018ರಲ್ಲಿ ‘ಹಿಮಾಲ್’ ಕೊಲಂಬೊದಲ್ಲಿ ಮತ್ತೆ ಹುಟ್ಟಿತು. ಈ ಸಲ ಕಾಗದದ ಮೇಲಲ್ಲ, ಅಂತರ್ಜಾಲದಲ್ಲಿ. ಬೆಟ್ಟದ ಹೆಸರಿನ ಪತ್ರಿಕೆ ಬೆಟ್ಟವಿಳಿದು ಕಡಲ ದಡಕ್ಕೆ ಬಂತು. ಅದರ ನಕ್ಷೆಯ ಲೆಕ್ಕದಲ್ಲಿ ಹೇಳುವುದಾದರೆ, ಕೆಳಗಿನಿಂದ ಎಲ್ಲಕ್ಕಿಂತ ಮೇಲಕ್ಕೆ ಹತ್ತಿತು!

ಕೊಲಂಬೊ ಪತ್ರಕರ್ತರಿಗೆ ಆಶ್ರಯ ಕೊಡುವ ಊರಾದದ್ದೇ ಒಂದು ವಿಚಿತ್ರ. ‘ಸಂಡೇ ಲೀಡರ್’ ಸಂಪಾದಕ ಲಸಂತ ವಿಕ್ರಮತುಂಗ ಅವರನ್ನು 2009ರ ಜನವರಿ 8ರಂದು ಹಗಲಿನಲ್ಲೇ, ಕಚೇರಿಗೆ ಹೋಗುವ ದಾರಿಯಲ್ಲಿ ಕೊಂದದ್ದು ಇದೇ ಊರಿನ ಅಂಚಿನಲ್ಲಿ. 2015ರಲ್ಲಿ ಸರ್ಕಾರ ಬದಲಾದ ಮೇಲೆ ಅಲ್ಲಿ ಸ್ವಲ್ಪ ಗಾಳಿ ಆಡತೊಡಗಿತ್ತು. 2024ರ ಜನವರಿಯಲ್ಲಿ ಅಲ್ಲಿನ ಸಂಸತ್ತು ಅಂತರ್ಜಾಲದ ಬರಹಗಳನ್ನು ತೆಗೆಸುವ ಅಧಿಕಾರವನ್ನು ಆಯೋಗವೊಂದಕ್ಕೆ ಕೊಡುವ ಕಾನೂನನ್ನು ಒಪ್ಪಿತು. ಅಂದರೆ ಈ ಪ್ರದೇಶದಲ್ಲಿ ಪತ್ರಿಕೆಗೆ ಶಾಶ್ವತವಾದ ಒಳ್ಳೆಯ ಊರು ಎಂಬುದಿಲ್ಲ. ಯಾವ ಊರಿನಲ್ಲಿ ಯಾವ ಹತ್ತು ವರ್ಷ ಎಂಬುದಷ್ಟೇ ಪ್ರಶ್ನೆ.

ಅಂತರ್ಜಾಲ ಪತ್ರಿಕೆಗೆ ಕೊಟ್ಟದ್ದೇನು? ಅಂಚೆಯ ಖರ್ಚು ಉಳಿಯಿತು, ಸುಂಕದ ಕಟ್ಟೆ ಇಲ್ಲವಾಯಿತು. ಕಾಬೂಲಿನ ಓದುಗನಿಗೂ ಕಲಬುರ್ಗಿಯ ಓದುಗನಿಗೂ ಲೇಖನ ಒಂದೇ ಗಳಿಗೆಯಲ್ಲಿ ಸಿಗುತ್ತದೆ. ಹಳೆಯ ಸಂಚಿಕೆಗಳ ಬರಹಗಳೂ ಕೈಗೆಟಕುತ್ತವೆ. ವೀಸಾ ಸಿಗದ ಇಬ್ಬರು ಲೇಖಕರು ಒಂದೇ ಲೇಖನವನ್ನು ಗಡಿಯ ಎರಡು ಕಡೆ ಕುಳಿತು ಬರೆಯಬಹುದು. ಪುಟಮಿತಿ ಇಲ್ಲದ್ದರಿಂದ ವಿಸ್ತಾರವಾದ ವಿಶ್ಲೇಷಣೆಗೆ ಜಾಗವಿದೆ.

ಆದರೆ 2016ರಲ್ಲಿ ಪತ್ರಿಕೆಯನ್ನು ನಿಲ್ಲಿಸಿದ್ದು ಅಂಚೆಯಲ್ಲ, ಸುಂಕದ ಕಟ್ಟೆಯೂ ಅಲ್ಲ ಎಂಬುದನ್ನು ಮರೆಯುವಂತಿಲ್ಲ. ಲೇಖನ ಗಾಳಿಯಲ್ಲಿ ತೇಲಬಹುದು, ಸಂಪಾದಕ ತೇಲಲಾರ. ಅವನಿಗೆ ಒಂದು ದೇಶದಲ್ಲಿ ಮನೆ ಬೇಕು, ಪರವಾನಗಿ ಬೇಕು. ಲೇಖಕಿಗೆ ಸಂಭಾವನೆ ತಲುಪಲು ಬ್ಯಾಂಕು ಬೇಕು, ಬ್ಯಾಂಕಿಗೆ ಕಾಗದಪತ್ರ ಬೇಕು. ಕೊನೆಗೆ ಓದುಗನ ಕೈಗೆ ತಲುಪುವ ತಂತಿಯ ಕೀಲಿಯೂ ಸರ್ಕಾರದ ಕೈಯಲ್ಲೇ ಇದೆ. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ ವೇಗದ ಅಂತರ್ಜಾಲ ಪೂರ್ತಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಬಾಂಗ್ಲಾದೇಶ 2024ರ ಜುಲೈನಲ್ಲಿ ಇಡೀ ದೇಶದ ಸಂಪರ್ಕವನ್ನು ಹಲವು ದಿನ ಕಡಿದುಹಾಕಿತು. 2025ರಲ್ಲಿ ಭಾರತದಲ್ಲಿ ಪಾಕಿಸ್ತಾನದ ಹಲವು ಸುದ್ದಿವಾಹಿನಿಗಳ ಯೂಟ್ಯೂಬ್ ಪ್ರಸಾರ ಕಾಣದಂತಾಯಿತು. ಗಡಿಗಳು ಅಂತರ್ಜಾಲಕ್ಕೆ ಬಂದ ಮೇಲೆ ಮಾಯವಾಗಲಿಲ್ಲ. ಅವೂ ಅಂತರ್ಜಾಲಕ್ಕೆ ಬಂದವು.

ಸ್ವತಂತ್ರ ಎಂದರೆ ಏನು?

ಇಂಥ ಪತ್ರಿಕೆಗಳನ್ನು ‘ಸ್ವತಂತ್ರ’ ಎನ್ನುವುದು ವಾಡಿಕೆ. ಯಾರಿಂದ ಸ್ವತಂತ್ರ ಎಂದು ಕೇಳುವುದು ಒಳ್ಳೆಯದು. ದೊಡ್ಡ ಉದ್ಯಮಿಯಿಂದ, ಪಕ್ಷದಿಂದ, ಸರ್ಕಾರಿ ಜಾಹೀರಾತಿನಿಂದ ಸ್ವತಂತ್ರ ಎಂಬುದು ಸರಿ. ಆದರೆ ಅನುದಾನ ಕೊಡುವವರಿಂದ? ಪಶ್ಚಿಮದ ದೇಶಗಳ ಪ್ರತಿಷ್ಠಾನಗಳ ಹಣದಲ್ಲಿ ನಡೆಯುವ ಪತ್ರಿಕೆಯ ಮೇಲೆ ‘ಹೊರಗಿನ ಹಣ’ ಎಂಬ ಆರೋಪ ಹೊರಿಸುವುದು ಎಲ್ಲ ಸರ್ಕಾರಗಳಿಗೂ ಸುಲಭ. ಆ ಹಣ ತಡೆಯಲು ಒಬ್ಬ ಗುಮಾಸ್ತ ಸಾಕು ಎಂಬುದನ್ನು ಕಠ್ಮಂಡುವಿನ ಅನುಭವ ತೋರಿಸಿದೆ. ಹೀಗಾಗಿಯೇ ಇಂಥ ಪತ್ರಿಕೆಗಳು ಈಗ ಓದುಗರ ಬಾಗಿಲು ತಟ್ಟುತ್ತಿವೆ. ಸಾವಿರ ಜನ ಕೊಡುವ ಸಣ್ಣ ಮೊತ್ತವನ್ನು ಒಂದೇ ಕಡತದಲ್ಲಿ ತಡೆಹಿಡಿಯುವುದು ಕಷ್ಟ.

ಇನ್ನೊಂದು ಮಿತಿ ಭಾಷೆಯದು. ಇಡೀ ಪ್ರದೇಶವನ್ನು ಒಟ್ಟಾಗಿ ಮಾತಾಡಿಸಲು ಇಂಗ್ಲಿಷ್ ಬಿಟ್ಟರೆ ಬೇರೆ ದಾರಿಯಿಲ್ಲ. ಆದರೆ ಇಂಗ್ಲಿಷ್ ಓದುವವರು ಎಲ್ಲ ದೇಶಗಳಲ್ಲೂ ಮೇಲಿನ ಪದರದವರೇ. ಗಡಿಯಾಚೆಗೂ ಹರಡಿರುವ ಭಾಷೆಗಳ ಸ್ಥಿತಿ ಸ್ವಲ್ಪ ಮೇಲು. ಕೋಲ್ಕತ್ತಾದವನು ಢಾಕಾದ ಪತ್ರಿಕೆಯನ್ನು ನೇರವಾಗಿ ಓದಬಲ್ಲ, ಮದುರೆಯವನು ಜಾಫ್ನಾದ್ದನ್ನು ಓದಬಲ್ಲ, ಡಾರ್ಜಿಲಿಂಗಿನವನು ಕಠ್ಮಂಡುವಿನದ್ದನ್ನು ಓದಬಲ್ಲ. ಕನ್ನಡಕ್ಕೆ ಆ ಭಾಗ್ಯವಿಲ್ಲ. ಗಡಿಯಾಚೆ ಕನ್ನಡ ಪತ್ರಿಕೆ ಹೊರಡುವ ಊರಿಲ್ಲ. ಕನ್ನಡ ಓದುಗರಿಗೆ ನೆರೆಯ ದೇಶಗಳೆಲ್ಲ ಬಹುಪಾಲು ದಿಲ್ಲಿಯ ಕಿಟಕಿಯಿಂದಲೇ ಕಾಣುತ್ತವೆ.

ಹಾಗೆಂದು ಆ ದೇಶಗಳು ಕರ್ನಾಟಕದಿಂದ ದೂರವೇನಲ್ಲ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರಿದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ, ಹೋಟೆಲುಗಳ ಅಡುಗೆಮನೆಯಲ್ಲಿ ನೇಪಾಳದ ಹುಡುಗರಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನ ಬೀದಿಗಿಳಿದವರೂ ಅವರ ವಯಸ್ಸಿನವರೇ. ದಿನಾ ಗೇಟು ತೆರೆಯುವ ಹುಡುಗ ಯಾವ ಜಿಲ್ಲೆಯವನು, ಅವನ ಊರಿನಲ್ಲಿ ಏನಾಗುತ್ತಿದೆ ಎಂಬುದು ಒಳಗೆ ಹೋಗುವವರಿಗೆ ತಿಳಿದಿರುವುದು ಅಪರೂಪ.

ಸಾರ್ಕ್ ಶೃಂಗಸಭೆ ಕೊನೆಯದಾಗಿ ನಡೆದದ್ದು 2014ರ ನವೆಂಬರ್‌ನಲ್ಲಿ, ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಿದ್ದ ಮುಂದಿನ ಸಭೆ ಉರಿ ದಾಳಿಯ ನಂತರ ರದ್ದಾಯಿತು. ಅದೇ 2016ರಲ್ಲಿ ಪತ್ರಿಕೆಯೂ ನಿಂತಿತ್ತು ಎಂಬುದು ಕಾಕತಾಳೀಯ. ಆದರೆ ಬೊಕ್ಕಸ, ಬಾವುಟ ಎಲ್ಲ ಇದ್ದ ಕೂಸು ಅಲ್ಲಿಂದ ಮುಂದೆ ಹೆಜ್ಜೆ ಇಡಲಿಲ್ಲ. ಏನೂ ಇಲ್ಲದ ಕೂಸು ಎರಡೇ ವರ್ಷಗಳಲ್ಲಿ ಬೇರೆ ಊರಿನಲ್ಲಿ ಎದ್ದು ನಡೆಯಿತು. ಸರ್ಕಾರಗಳು ಕೂಡಿ ಕೂರಬೇಕಾದರೆ ಎಲ್ಲರ ಒಪ್ಪಿಗೆ ಬೇಕು. ನೆರೆಯವರ ಸುದ್ದಿಯನ್ನು ನೆರೆಯವರಿಂದಲೇ ತಿಳಿಯಲು ಅಷ್ಟು ಬೇಕಾಗಿಲ್ಲ. ಬರೆಯುವವರು ಕೆಲವರು, ಹಣ ಕೊಟ್ಟು ಓದುವವರು ಇನ್ನಷ್ಟು ಜನ ಇದ್ದರೆ ಸಾಕು.